ಕಮಾನು ಕಟ್ಟಿಸಿಕೊಡಲು ಮುಂದಾದ ದಾನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಾನಿಗಳೇ,

ಶ್ರೀರಂಗಪಟ್ಟಣ ಸೀಮೆಯ ಸಣ್ಣದೊಂದು ಧರ್ಮಕೇಂದ್ರದ ಖಜಾಂಚಿ ಮಾಡುವ ವಂದನೆಗಳು. ನಮ್ಮ ಗುಡಿಯ ಮುಂದೆ ಕರಿಗ್ರಾನೈಟಿನ ಸ್ವಾಗತ ಕಮಾನು ಕಟ್ಟಿಸಿಕೊಡಲು ತಾವು ಮನಸ್ಸು ಮಾಡಿದ್ದೀರಿ ಎಂದು ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಓದಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ತಟ್ಟಿದವರಲ್ಲಿ ಹೆಂಗಸರೇ ಹೆಚ್ಚು. ಗಂಡಸರ ಕಡೆಯ ಬೆಂಚುಗಳನ್ನು ಮಳೆ ಹಿಡಿದಾಗಿನಿಂದ ಬಕೆಟ್ಟುಗಳಿಗೆ ಬಿಟ್ಟುಕೊಟ್ಟಿರುವುದರಿಂದ ಅವರು ಹೊರಗೆ ಮರದಡಿ ನಿಂತು ಪೂಜೆ ಕೇಳುತ್ತಾರೆ. ಮುಂಚೆಯೂ ಅಲ್ಲೇ ನಿಲ್ಲುತ್ತಿದ್ದರು, ಈಗ ಒಂದು ಕಾರಣ ಸಿಕ್ಕಿದೆ.

ಕಮಾನಿನ ನಕ್ಷೆಯನ್ನೂ ನೋಡಿದೆ. ಎರಡು ಕಂಬ, ಕಂಬಕ್ಕೊಬ್ಬ ದೇವದೂತ, ನಡುವೆ ಶಿಲುಬೆ. ರಸ್ತೆಯ ಕಡೆಗೆ ಪಾಲಕ ಸಂತರ ಹೆಸರು, ಗುಡಿಯ ಕಡೆಗೆ ತಮ್ಮ ತಂದೆತಾಯಿಗಳ ಹೆಸರು, ಅದರ ಕೆಳಗೆ ಇನ್ನೂ ದಪ್ಪಕ್ಷರದಲ್ಲಿ ತಮ್ಮದು. ಒಳಗೆ ಬರುವವರು ಸಂತರನ್ನು ಓದಬೇಕು, ಹೊರಗೆ ಹೋಗುವವರು ತಮ್ಮನ್ನು. ನಮ್ಮ ಜನ ಪೂಜೆಗೆ ಬರುವುದು ತಡವಾಗಿ, ಓಡಿಕೊಂಡು. ಬರುವಾಗ ಏನನ್ನೂ ಓದುವುದಿಲ್ಲ. ಹೋಗುವಾಗ ಮಾತ್ರ ಗುಂಪುಗಟ್ಟಿ ನಿಧಾನವಾಗಿ ಹೋಗುತ್ತಾರೆ. ಗುಡಿಯ ಕಡೆಯ ಮುಖವನ್ನು ತಾವು ಆರಿಸಿಕೊಂಡದ್ದು ವ್ಯಾಪಾರ ಬಲ್ಲವರ ಲಕ್ಷಣ. ಬೆಂಗಳೂರಿನಲ್ಲಿ ನಿವೇಶನಗಳನ್ನು ಮಾರಿದ ಅನುಭವ ಎಲ್ಲಿ ಹೋದೀತು?

ಹೆಸರಿನ ವಿಷಯದಲ್ಲಿ ನಮ್ಮ ಗುಡಿ ಆಗಲೇ ಶ್ರೀಮಂತವಾಗಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬೇಕು. ಫ್ಯಾನುಗಳ ರೆಕ್ಕೆರೆಕ್ಕೆಗೂ ದಾನಿಗಳ ಹೆಸರಿದೆ. ತಿರುಗುವಾಗ ಓದಲಾಗುವುದಿಲ್ಲವಾದ್ದರಿಂದ ಆ ಮನೆಯವರು ಬಂದ ದಿನ ಫ್ಯಾನು ನಿಲ್ಲಿಸುತ್ತೇವೆ. ಅವರು ಬೆವರುತ್ತಾ ತಲೆಯೆತ್ತಿ ಓದಿಕೊಂಡು ತೃಪ್ತಿಯಿಂದ ಹೋಗುತ್ತಾರೆ. ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಹೆಸರು, ಬೆಂಚಿನ ಬೆನ್ನಿಗೆ ಹೆಸರು, ಶಿಲುಬೆಹಾದಿಯ ಹದಿನಾಲ್ಕು ಚಿತ್ರಗಳ ಕೆಳಗೆ ಹದಿನಾಲ್ಕು ಮನೆತನಗಳ ಹೆಸರು. ಹೊಸಬರು ಯಾರಾದರೂ ಬಂದರೆ ಪ್ರಭು ಮೂರನೇ ಸಲ ಕುಸಿದುಬಿದ್ದದ್ದಕ್ಕೂ ಆ ಮನೆತನಕ್ಕೂ ಏನು ಸಂಬಂಧ ಎಂದು ತಬ್ಬಿಬ್ಬಾಗುತ್ತಾರೆ. ಹಳಬರೊಬ್ಬರು ಕೊಟ್ಟಿದ್ದ ಹಿತ್ತಾಳೆ ದೀಪಸ್ತಂಭಗಳಿದ್ದವು, ನಾಗಮಂಗಲದ ಕೆಲಸ. ಹಿತ್ತಾಳೆಗೆ, ಕಂಚಿಗೆ ನಾಗಮಂಗಲ ಹೆಸರಾದ ಊರು, ತಮಗೆ ಗೊತ್ತೇ ಇದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಚಿನ್ನದಂತೆ ಹೊಳೆಯುತ್ತಿದ್ದವು. ತಿಕ್ಕುವವರಿಗೆ ಕೂಲಿ ಕೊಡಲು ದಾನಿಗಳು ಸಿಗಲಿಲ್ಲ, ಚಿನ್ನದ ಬಣ್ಣದ ಪೇಂಟು ಬಳಿಸಲು ಸಿಕ್ಕರು. ಈಗ ಅವುಗಳ ಮೇಲೂ ಹೆಸರಿದೆ, ಬಳಿಸಿದವರದು.

ಕರೆಂಟು ಬಿಲ್ಲಿನ ಮೇಲೆ ಮಾತ್ರ ಈವರೆಗೆ ಯಾರೂ ತಮ್ಮ ಹೆಸರು ಬರೆಸಿಕೊಳ್ಳಲು ಮುಂದೆ ಬಂದಿಲ್ಲ.

ಲೆಕ್ಕ ಹೇಳದೆ ದೂರು ಹೇಳುವುದು ಖಜಾಂಚಿಗೆ ಒಪ್ಪುವ ಮಾತಲ್ಲ. ವರಮಾನದಿಂದಲೇ ಶುರು ಮಾಡುತ್ತೇನೆ. ಭಾನುವಾರದ ಕಾಣಿಕೆ ತಟ್ಟೆಗೆ ಬೀಳುವುದು ಹತ್ತು ಇಪ್ಪತ್ತರ ನೋಟು. ಬಸ್ಸಿನ ಕಂಡಕ್ಟರು, ಕಿರಾಣಿ ಅಂಗಡಿಯವರು, ಹಾಲಿನ ಡೇರಿಯವರು ಮೂವರೂ ಬೇಡವೆಂದು ಹಿಂದಿರುಗಿಸಿದ ಹರಿದ ನೋಟಿಗೆ ಕೊನೆಯ ಆಶ್ರಯ ದೇವರು. ಫೋನ್‌ಪೇ ಚೀಟಿ ಅಂಟಿಸಿದ ಮೇಲೆ ಹರಿದ ನೋಟು ಕಡಿಮೆಯಾಯಿತು, ನೋಟೂ ಕಡಿಮೆಯಾಯಿತು. ಆಮೇಲೆ ಮನೆಮನೆಯ ಚಂದಾ. ನಮ್ಮ ಕುಟುಂಬಗಳೋ ಬೆರಳೆಣಿಕೆ, ಹರಡಿರುವುದು ಮಾತ್ರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಾಲ್ಕು ತಾಲ್ಲೂಕಿಗೆ. ಕೆ.ಆರ್. ಪೇಟೆ ಕಡೆಯ ಒಂದು ಮನೆಯ ಚಂದಾ ವಸೂಲಿಗೆ ಹೋಗಿಬರುವ ಪೆಟ್ರೋಲು ಚಂದಾಕ್ಕಿಂತ ಹೆಚ್ಚು. ಆದರೂ ಹೋಗಬೇಕು, ಹೋಗದಿದ್ದರೆ 'ಫಾದರೂ ಬರಲಿಲ್ಲ, ಖಜಾಂಚಿನೂ ಬರಲಿಲ್ಲ, ನಾವೇನು ಆ ಗುಡಿಯೋರಲ್ವಾ' ಎನ್ನುತ್ತಾರೆ. ಹೋದರೆ ಕಾಫಿ ಕೊಟ್ಟು, 'ಕಬ್ಬಿನ ದುಡ್ಡು ಬರ್ಲಿ, ಒಟ್ಗೇ ಕೊಡ್ತೀನಿ' ಎನ್ನುತ್ತಾರೆ. ಇದು ಸುಳ್ಳೂ ಅಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಈ ಸೀಮೆಯ ದೇವರ ಹುಂಡಿ, ಮಗಳ ಮದುವೆ, ಮಗನ ಕಾಲೇಜು ಎಲ್ಲವೂ ಕಬ್ಬಿನ ಬಿಲ್ಲಿನ ಹಿಂದೆಯೇ ಸಾಲಾಗಿ ನಿಂತಿರುತ್ತವೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿ, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ನಿಂತರೆ ಸುತ್ತಲ ಎಷ್ಟು ಗುಡಿ, ಮಸೀದಿ, ಇಗರ್ಜಿಗಳ ಲೆಕ್ಕದ ಪುಸ್ತಕ ಒಣಗುತ್ತದೆಂಬುದನ್ನು ಯಾವ ಸಮೀಕ್ಷೆಯೂ ಬರೆದುಕೊಳ್ಳುವುದಿಲ್ಲ.

ಸುಗ್ಗಿಯಲ್ಲಿ ಒಂದಿಷ್ಟು ಭತ್ತ, ರಾಗಿ ಬರುತ್ತದೆ. ಗುಡಿಯ ಹಿಂದಿನ ತೆಂಗಿನಮರಗಳ ಗುತ್ತಿಗೆ ಬರುತ್ತದೆ, ಕೋತಿಗಳು ಒಪ್ಪಿದರೆ. ಹಬ್ಬದ ದಿನ ತೇರಿನ ಮುಂದೆ ಹರಾಜು ಇರುತ್ತದೆ. ಸಂತೆಯಲ್ಲಿ ಚೌಕಾಸಿ ಮಾಡಿ ಮಾಡಿ ಮಾರುವವನನ್ನು ಅಳಿಸುವ ಮನುಷ್ಯ ಅಲ್ಲಿ ಒಂದು ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗುತ್ತಾನೆ, ಭಾವಮೈದುನ ಅದರ ಮೇಲೆ ಕೂಗುತ್ತಾನೆ. ಭಕ್ತಿಗಿಂತ ಭಾವಮೈದುನರ ಪೈಪೋಟಿಯೇ ನಮಗೆ ಹೆಚ್ಚು ಆಧಾರ ಎಂದು ಖಜಾಂಚಿಯಾದ ಮೇಲೆ ತಿಳಿಯಿತು. ಆದರೆ ಹರಾಜಿನ ಹಣ ಸೀರಿಯಲ್ ಸೆಟ್ಟಿಗೆ, ಮೈಕ್‌ಸೆಟ್ಟಿಗೆ, ವಾಲಗದವರಿಗೆ, ಹಬ್ಬದೂಟಕ್ಕೆ ಹೋಗಿ, ತೇರು ಕೊಟ್ಟಿಗೆ ಸೇರುವ ಹೊತ್ತಿಗೆ ನಾನು ಪೆಂಡಾಲಿನವನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿರುತ್ತೇನೆ. ಪೂಜೆಗೆ ಕೊಡುವ ಕಾಣಿಕೆ ಇದೆಯಲ್ಲ ಎಂದು ತಾವು ಕೇಳಬಹುದು. ಅದು ಫಾದರಿಗೆ ಸಲ್ಲುವುದು. ಅಲ್ಲೂ ನಮ್ಮ ಧರ್ಮಸಭೆಯ ಕಾನೂನು, 1983ರ ಕ್ಯಾನನ್ ಸಂಹಿತೆ, ಬಿಗಿಯಾಗಿದೆ: ಕ್ರಿಸ್ಮಸ್ ಬಿಟ್ಟರೆ, ದಿನಕ್ಕೆ ಎಷ್ಟು ಪೂಜೆ ಮಾಡಿದರೂ ಒಂದೇ ಪೂಜೆಯ ಕಾಣಿಕೆಯನ್ನು ಗುರುಗಳು ಇಟ್ಟುಕೊಳ್ಳಬಹುದು. ಅಂಥ ಒಂದು ನಿಯಮ ನಮ್ಮ ಪೆಂಡಾಲಿನವರಿಗೂ ಇದ್ದಿದ್ದರೆ!

ಖರ್ಚಿನ ಕಡೆ ಬರೋಣ. ಉಪದೇಶಿಯ ಸಂಬಳ, ಗಂಟೆ ಹೊಡೆದು ಗುಡಿ ಗುಡಿಸುವ ಅಣ್ಣನ ಸಂಬಳ, ಮೇಣದಬತ್ತಿ, ಕರೆಂಟು, ಸಮಾಧಿ ಭೂಮಿಯ ಕಳೆ ಕೀಳಿಸುವುದು, ಗೋಪುರಕ್ಕೆ ವರ್ಷವರ್ಷ ಬಂದು ಕಟ್ಟುವ ಹೆಜ್ಜೇನು ಬಿಡಿಸುವುದು, ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಅಲೆಯುವುದು. ಇದೆಲ್ಲ ಹೇಗೋ ನಡೆಯುತ್ತದೆ. ನಡೆಯದಿರುವುದು ಛಾವಣಿ. ಮಂಗಳೂರು ಹೆಂಚು ಹಳೆಯದು, ಜಾರಿದೆ, ಸೀಳಿದೆ. ಈ ಹೆಂಚಿಗೂ ನಮ್ಮವರಿಗೂ ಹಳೆಯ ನಂಟು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ತೆರೆದ ಮೇಲೆ ಅರ್ಧ ಕರ್ನಾಟಕ ಅದರ ಕೆಳಗೆ ಮಲಗಿತು. ಆ ಮಿಷನರಿಗಳು ಹೆಂಚಿನ ಮೇಲೂ ಹೆಸರು ಒತ್ತಿದ್ದರು ನಿಜ. ಆದರೆ ಆ ಹೆಸರು ಛಾವಣಿಯ ಒಳಮೈಗೆ, ಜಂತೆಯ ಕಡೆಗಿರುತ್ತದೆ. ಹೆಂಚು ಇಳಿಸಿದವನಿಗೆ ಮಾತ್ರ ಕಾಣುತ್ತದೆ.

ತಮ್ಮ ಕಮಾನಿನ ಹಣದಲ್ಲಿ ಅರ್ಧ ಭಾಗವನ್ನಾದರೂ ಛಾವಣಿಗೆ ಹಾಕೋಣವೇ ಎಂದು ಪಾಲನಾ ಸಮಿತಿಯಲ್ಲಿ ಒಬ್ಬರು ಎತ್ತಿದರು. ಆಗುವುದಿಲ್ಲ ಎಂದು ಫಾದರ್ ಪುಸ್ತಕ ತೆಗೆದು ತೋರಿಸಿದರು. ಅದೇ ಸಂಹಿತೆಯ 1267ನೇ ಕಲಂ ಹೇಳುವುದಿಷ್ಟು: ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕು. ಅಂದರೆ ತಾವು ಕಮಾನಿಗೆಂದು ಕೊಟ್ಟ ಹಣದಲ್ಲಿ ಒಂದು ಹೆಂಚು ಬದಲಿಸಿದರೂ ನಾನು ತಪ್ಪಿತಸ್ಥ. ಭಕ್ತರು ಕೊಟ್ಟ ಹಣ ಪೋಲಾಗದಿರಲಿ ಎಂದು ಮಾಡಿದ ಕಾನೂನು. ಅದರ ನೆರಳಿನಲ್ಲಿ ಕಮಾನುಗಳು ಬಿಸಿಲು ಮಳೆ ಲೆಕ್ಕಿಸದೆ ಎದ್ದು ನಿಲ್ಲುತ್ತವೆ, ಗುಡಿಗಳು ಒಳಗೊಳಗೇ ನೆನೆಯುತ್ತವೆ. ಹೋಗಲಿ, ಬೇಡವೆಂದು ಬಿಡೋಣವೆಂದರೆ ಅದೇ ಕಲಂ ಇನ್ನೊಂದು ಕಡೆಯಿಂದ ಹಿಡಿಯುತ್ತದೆ: ಸರಿಯಾದ ಕಾರಣವಿಲ್ಲದೆ ಕಾಣಿಕೆಯನ್ನು ನಿರಾಕರಿಸುವಂತಿಲ್ಲ. 'ದಾನಿಗಳ ಅಭಿರುಚಿ' ಎಂಬುದು ಸರಿಯಾದ ಕಾರಣವಾದೀತೇ ಎಂದು ಕೇಳಿದೆ. ಫಾದರ್ ನಕ್ಕರು, ಉತ್ತರ ಕೊಡಲಿಲ್ಲ. ಅವರಿಗೆ ಮುಂದಿನ ವರ್ಷ ವರ್ಗ.

ನಮ್ಮ ಸಭೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸೋರುವ ಗುಡಿಗೆ ಕಮಾನು ಯಾಕೆ ಎಂದು ಹುಡುಗರು ಗೊಣಗಿದಾಗ ಆಕೆ ತಮ್ಮ ಪರವಾಗಿ ನಿಂತರು. 'ಸುಮ್ಕಿರ್ರಪ್ಪ, ಕಮಾನಾದ್ರೆ ಸೋರಕಿಲ್ಲ' ಅಂದರು. ಈ ಇಡೀ ವ್ಯವಹಾರದಲ್ಲಿ ನಾನು ಕೇಳಿದ ಏಕೈಕ ತಾಂತ್ರಿಕ ಸಮರ್ಥನೆ ಅದು.

ತಮಗೆ ಇತಿಹಾಸದಲ್ಲಿ ಆಸಕ್ತಿಯಿದೆ ಎಂದು ಕೇಳಿದ್ದೇನೆ. ಬೆಂಗಳೂರಿನಿಂದ ದಶಪಥದಲ್ಲಿ ಬಂದಾಗಲೆಲ್ಲ ನೆಂಟರಿಗೆ ಗುಂಬಜ್ ತೋರಿಸಿ, ನಿಮಿಷಾಂಬ ಗುಡಿಯ ಸಾಲು ತೋರಿಸಿ, ಮೀನೂಟ ಮಾಡಿಸಿ ಕಳಿಸುತ್ತೀರಂತೆ. ಮುಂದಿನ ಸಲ ಅದೇ ಗಂಜಾಮಿನಲ್ಲಿ ಇನ್ನೊಂದು ಕಡೆ ಕಾರು ನಿಲ್ಲಿಸಿ. ಅಬ್ಬೆ ದುಬಾ ಎಂಬ ಫ್ರೆಂಚ್ ಪಾದ್ರಿ ಕಟ್ಟಿಸಿದ ದೇವಾಲಯ ಅಲ್ಲಿದೆ. 1792ರಲ್ಲಿ ಹಡಗು ಹತ್ತಿ ಈ ದೇಶಕ್ಕೆ ಬಂದವರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಸೆರೆಯಿಂದ, ಯುದ್ಧದಿಂದ ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. ಇಲ್ಲಿನವರ ಉಡುಪು ಉಟ್ಟರು, ಇಲ್ಲಿನವರಂತೆ ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದರು. ಹಾಗೆ ಕರೆಸಿಕೊಳ್ಳಲು ಅವರು ಯಾವ ಕಮಾನನ್ನೂ ಕಟ್ಟಿಸಬೇಕಾಗಲಿಲ್ಲ.

ದೊಡ್ಡ ಸ್ವಾಮಿಯವರ ಲೆಕ್ಕದ ಪುಸ್ತಕ ನನ್ನ ಕೈಗೆ ಸಿಕ್ಕಿದ್ದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓದುತ್ತಿದ್ದೆ. ಸಿಡುಬು ಊರೂರನ್ನು ನುಂಗುತ್ತಿದ್ದ ಕಾಲದಲ್ಲಿ ಅವರು ದೇವಿ ಹಾಕಿಸುವ ಕೆಲಸಕ್ಕೆ ಇಳಿದರು. 1803-04ರ ಅವಧಿಯ ಪಟ್ಟಿಯಲ್ಲಿ 25,432 ಜನ ದಾಖಲಾಗಿದ್ದಾರೆ. ಇಷ್ಟು ಜನರ ತೋಳಿನ ಮೇಲೆ ಅವರ ಗುರುತು ಉಳಿಯಿತು, ಒಂದರ ಮೇಲೂ ಹೆಸರಿರಲಿಲ್ಲ. ದಿಕ್ಕಿಲ್ಲದವರಿಗೆ ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಇದಕ್ಕೆಲ್ಲ ಗ್ರಾನೈಟ್ ದಾನಿಗಳು ಇರಲಿಲ್ಲ. ಅವರ ಕೈಗೆ ಬಂದ ದೊಡ್ಡ ಮೊತ್ತವೆಂದರೆ 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಟ್ಟದ್ದು: ಹಿಂದೂಗಳ ಆಚಾರ, ವ್ಯವಹಾರ, ವಿಧಿಗಳ ಬಗ್ಗೆ ಅವರು ಬರೆದೊಪ್ಪಿಸಿದ ಹಸ್ತಪ್ರತಿಗೆ 2,000 ವರಹ. ಇಲ್ಲಿ ಖಜಾಂಚಿಯಾಗಿ ಒಂದು ಆಕ್ಷೇಪಣೆ ದಾಖಲಿಸಲೇಬೇಕು. ಆ ಹಸ್ತಪ್ರತಿಯ ಬಹುಭಾಗ ಅವರಿಗಿಂತ ಹಿಂದಿನ ಕರ್ದು ಎಂಬ ಜೆಸ್ವಿತ್ ಪಾದ್ರಿಯ ಬರಹದಿಂದ ಎತ್ತಿಕೊಂಡದ್ದು ಎಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಆಡಿಟ್ ಬರುವುದಕ್ಕೆ 180 ವರ್ಷ ಹಿಡಿಯಿತು. ನನಗೆ ಪ್ರತಿ ಜೂನ್‌ಗೇ ಬರುತ್ತದೆ.

ಆದರೂ ದೊಡ್ಡ ಸ್ವಾಮಿಯವರನ್ನು ನಾನು ಬಿಟ್ಟುಕೊಡುವುದಿಲ್ಲ. ಬೇರೆಯವರ ಬರಹ ಮಾರಿದ ದುಡ್ಡನ್ನು ಕಮಾನಿಗೆ ಹಾಕಿದ ದಾಖಲೆಯಂತೂ ಎಲ್ಲೂ ಇಲ್ಲ. 1823ರಲ್ಲಿ ಅವರು ಕಂಪನಿಯ ಪಿಂಚಣಿ ಪಡೆದು ಪ್ಯಾರಿಸಿಗೆ ಮರಳಿದರು. ಇಲ್ಲಿ ಮತಾಂತರದ ಕೆಲಸ ಕೈಗೂಡುವಂಥದ್ದಲ್ಲ ಎಂದು ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ ಬರೆದು ಸ್ವಂತ ಕಡೆಯವರನ್ನೇ ಸಿಟ್ಟಿಗೆಬ್ಬಿಸಿದರು. 1848ರಲ್ಲಿ ತೀರಿಕೊಂಡರು. ಪ್ರಚಾರ ಸಮಿತಿಗೆ ಸುತರಾಂ ಒಗ್ಗದ ಮನುಷ್ಯ.

ಸಾತಳ್ಳಿಯ ಮಾತು ಬಂದದ್ದರಿಂದ ಅದರ ನೆರೆಯ ಶೆಟ್ಟಿಹಳ್ಳಿಯನ್ನೂ ನೆನಪಿಸಬೇಕು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಅಲ್ಲಿ ಕಟ್ಟಿದ ಇಗರ್ಜಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಛಾವಣಿ ಇಲ್ಲ. ಈಗ ಅಲ್ಲಿಗೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಜೋಡಿಗಳು ಸಾಲುಗಟ್ಟಿ ಬರುತ್ತವೆ. ಯಾರೂ ದುರಸ್ತಿ ಮಾಡದ, ಯಾರೂ ಚಂದಾ ಕೇಳದ, ಪೂಜೆಯೇ ನಡೆಯದ ಇಗರ್ಜಿ ಇಡೀ ಸೀಮೆಯಲ್ಲಿ ಹೆಚ್ಚು ಜನ ನೋಡುವ ಇಗರ್ಜಿಯಾಗಿದೆ. ನಮ್ಮ ಛಾವಣಿಯನ್ನೂ ಹಾಗೇ ಬಿಟ್ಟರೆ ಒಂದು ದಿನ ಆ ಭಾಗ್ಯ ನಮಗೂ ಬಂದೀತು ಎಂದು ಸಮಿತಿಯ ಹುಡುಗನೊಬ್ಬ ಸೂಚಿಸಿದ. ಆಗ ಮಾತ್ರ ತಮ್ಮ ಕಮಾನು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಟಿಕೆಟ್ ಕೊಡಲು.

ಸತ್ತವರ ಪಾಡು ನಮಗಿಂತ ಮೇಲು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ರೆಜಿಮೆಂಟಿನ ಸಿಪಾಯಿಗಳ, ಅಧಿಕಾರಿಗಳ ಗೋರಿಗಳಿವೆ. ಗಿಡಗಂಟಿ ಬೆಳೆದು ಮುಚ್ಚಿಹೋಗಿದ್ದ ಅದನ್ನು ದುರಸ್ತಿ ಮಾಡಿಸಿದವರು ಅದೇ ಡಿ ಮ್ಯೂರಾನ್ ವಂಶದವರು, ಸ್ವಿಟ್ಜರ್ಲೆಂಡಿನಿಂದ. ಇನ್ನೂರು ವರ್ಷದ ಮೇಲೂ ಮನೆತನದ ಹೆಸರು ಕಲ್ಲಿನ ಮೇಲಿದ್ದದ್ದರಿಂದ ತಾನೆ ಬಂದದ್ದು ಎಂದು ತಾವು ನನ್ನ ಬಾಯಿ ಮುಚ್ಚಿಸಬಹುದು. ಒಪ್ಪಿದೆ. ಆದರೆ ಹೊಸ ಕಲ್ಲು ನಿಲ್ಲಿಸಲು ಅವರು ಬರಲಿಲ್ಲ, ಹಳೆಯದನ್ನು ಉಳಿಸಲು ಬಂದರು. ಇನ್ನು ಹೆಸರಿನ ಆಯುಸ್ಸಿನ ಬಗ್ಗೆ ಹೇಳುವುದಾದರೆ ಪಾಂಡವಪುರದವರನ್ನು ಕೇಳಿ. ಹಿರೋಡೆಯಾಗಿದ್ದ ಊರು, ಹೈದರ್ ಟಿಪ್ಪುಗಳ ಕಾಲದಲ್ಲಿ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದಕ್ಕೆ ಫ್ರೆಂಚ್ ರಾಕ್ಸ್ ಆಯಿತು, ಆಮೇಲೆ ಪಾಂಡವಪುರವಾಯಿತು. ಅತ್ತಿಕುಪ್ಪೆ ಎಂಬುದು ಕೃಷ್ಣರಾಜಪೇಟೆಯಾಯಿತು, ಅದನ್ನೂ ಜನ ಎರಡು ಅಕ್ಷರಕ್ಕೆ ಕತ್ತರಿಸಿ ಬಸ್ಸಿನ ಬೋರ್ಡಿಗೆ ಏರಿಸಿದರು. ಇಡೀ ಊರಿನ ಹೆಸರಿಗೇ ಈ ಗತಿ. ಕಮಾನಿನ ಕೆಳಗಡೆಯ ಸಾಲಿಗೆ ಎಷ್ಟು ವರ್ಷ?

ಈ ಕಮಾನಿನ ಕಾಯಿಲೆ ನಮ್ಮದೊಬ್ಬರದೇ ಎಂದು ತಿಳಿಯಬೇಡಿ. ಪಕ್ಕದೂರಿನ ಗುಡಿಯ ಅರ್ಚಕರು ನನ್ನ ಸ್ನೇಹಿತರು, ಸೊಸೈಟಿಯ ಮುಂದೆ ಸಿಕ್ಕಾಗ ನಮ್ಮಿಬ್ಬರದೂ ಒಂದೇ ಪಲ್ಲವಿ. ಮುಜರಾಯಿಯ ಸಿ ವರ್ಗದ ಗುಡಿ ಅವರದು. ಅಂಥ ಗುಡಿಗಳ ಅರ್ಚಕರ ತಸ್ತೀಕನ್ನು 2025-26ರ ಬಜೆಟ್ಟಿನಲ್ಲಿ ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸಿದರು. ತಿಂಗಳಿಗೆ ಆರು ಸಾವಿರವಾಯಿತು. ಅದರಲ್ಲಿ ಮನೆ, ದೀಪದೆಣ್ಣೆ, ಹೂವು ಎಲ್ಲ ತೂಗಿಸುವ ಆ ಗುಡಿಯ ಮುಂದೆ ಎರಡು ಕಮಾನುಗಳಿವೆ, ಒಂದರ ಹಿಂದೊಂದು. ಅಣ್ಣ ಕಟ್ಟಿಸಿದ್ದು, ತಮ್ಮ ಕಟ್ಟಿಸಿದ್ದು. ಗರ್ಭಗುಡಿಯ ಮೇಲೆ ಅರಳಿ ಸಸಿ ಬೇರು ಬಿಟ್ಟಿದೆ, ಕೀಳಿಸುವವರಿಲ್ಲ. ಮೇಲುಕೋಟೆಯ ಚೆಲುವರಾಯನ ವೈರಮುಡಿಗಾದರೆ ಮಂಡ್ಯದ ಖಜಾನೆಯಿದೆ, ಪೊಲೀಸ್ ಕಾವಲಿದೆ. ನಮ್ಮ ಬೆಳ್ಳಿ ಪಾತ್ರೆಗೆ ಫಾದರ್ ಮನೆಯ ಕಬ್ಬಿಣದ ಬೀರುವಿದೆ, ಅದರ ಬೀಗದ ಕೈ ಎಲ್ಲಿದೆಯೆಂದು ಇಡೀ ಊರಿಗೆ ಗೊತ್ತಿದೆ.

ಛಾವಣಿ ಬೇಡ, ಕೊನೆಗೆ ಗೋಡೆಯನ್ನಾದರೂ ಚಂದ ಮಾಡೋಣ, ಒಳಗೆಲ್ಲ ಸಿಮೆಂಟ್ ಮೆತ್ತಿಸಿ ಎದೆಮಟ್ಟ ಟೈಲ್ಸ್ ಹಾಕಿಸಿಕೊಡುತ್ತೇನೆ ಎಂದೂ ತಾವು ಹೇಳಿಕಳಿಸಿದ್ದೀರಿ. ಇದೊಂದರಲ್ಲಿ ವ್ಯಂಗ್ಯ ಬಿಟ್ಟು ಕೈಮುಗಿದು ಕೇಳುತ್ತೇನೆ, ಮಾಡಬೇಡಿ. ನಮ್ಮದು ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ. ಕಾವೇರಿ ಬಯಲಿನ ನೆಲದಲ್ಲಿ ತೇವ ಸದಾ ಇರುತ್ತದೆ, ಅದು ಬುಡದಿಂದ ಗೋಡೆಗೆ ಏರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಬಿಸಿಲಿಗೆ ಆರುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಉಪ್ಪು ಕಟ್ಟಿ ಇಟ್ಟಿಗೆ ಪುಡಿಯಾಗುತ್ತಾ ಬರುತ್ತದೆ, ಹೊರಗಿನಿಂದ ಟೈಲ್ಸ್ ಫಳಫಳ ಎನ್ನುತ್ತಿರುತ್ತವೆ. ಕೆಲವು ವರ್ಷದ ಮೇಲೆ ಟೈಲ್ಸು ಹಾಳೆಹಾಳೆಯಾಗಿ ಬೀಳುವಾಗ ಗೋಡೆಯನ್ನೂ ಜೊತೆಗೆ ಕರೆದುಕೊಂಡು ಬೀಳುತ್ತವೆ. ಹಳಬರು ಸುಣ್ಣವನ್ನು ನೆನೆಹಾಕಿ, ಮರಳು ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸುತ್ತಿದ್ದರು. ಬೆಲ್ಲಕ್ಕೆ ಮಂಡ್ಯದಲ್ಲಿ ಬರವೇ? ಒಂದು ಆಲೆಮನೆಯವರನ್ನು ಹಿಡಿದರೆ ಸಾಕು. ಬರವಿರುವುದು ಈ ಕೆಲಸ ಬಲ್ಲ ಮೇಸ್ತ್ರಿಗಳಿಗೆ. ಇರುವ ಕೆಲವರನ್ನು ಹುಡುಕಿ ಕರೆತರಬೇಕು, ಸಿಮೆಂಟಿನವರಿಗಿಂತ ಹೆಚ್ಚು ಕೂಲಿ ಕೊಡಬೇಕು, ಕೆಲಸ ನಿಧಾನ. ಮುಗಿದ ಮೇಲೆ ಗೋಡೆ ಮೊದಲಿದ್ದ ಹಾಗೆಯೇ ಕಾಣುತ್ತದೆ. ದಾನಿಗಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ರಸೀದಿಯ ವಿಷಯ. 80ಜಿ ರಸೀದಿ ಕೊಡುತ್ತೀರಾ ಎಂದು ತಮ್ಮ ಆಡಿಟರ್ ಫೋನ್ ಮಾಡಿದ್ದರು. ಕಮಾನಿಗೆ ಕೊಡಲಾಗುವುದಿಲ್ಲ. ಒಂದು ಧರ್ಮದವರ ಆರಾಧನೆಗೆಂದೇ ಇರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ಆ ರಿಯಾಯಿತಿಯಿಲ್ಲ. ತಮಾಷೆಯೆಂದರೆ, ಆದಾಯ ತೆರಿಗೆಯ ಅದೇ ನಿಯಮದಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಚಾರಿತ್ರಿಕ ಮಹತ್ವದ್ದೆಂದು ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚುಗಳ ಜೀರ್ಣೋದ್ಧಾರಕ್ಕೆ, ದುರಸ್ತಿಗೆ ಕೊಟ್ಟರೆ ರಿಯಾಯಿತಿ ಉಂಟು. ನಮ್ಮದು ಅಂಥ ಪಟ್ಟಿಯಲ್ಲಿಲ್ಲ, ಆ ಮಾತು ಬೇರೆ. ಹುಂಡಿಗೆ ಗುಟ್ಟಾಗಿ ಹಾಕಿದರೆ ಮಾತ್ರ ನಮಗೆ ಯಾವ ತಾಪತ್ರಯವೂ ಇಲ್ಲ. ಹೆಸರಿಲ್ಲದ ಕಾಣಿಕೆಗೆ ತೆರಿಗೆ ಹಾಕುವ ನಿಯಮದಿಂದ ಸಂಪೂರ್ಣ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿಯಿದೆ. ಹೆಸರು ಬೇಡವೆನ್ನುವ ದಾನಿ ಇರಲು ಸಾಧ್ಯ ಎಂದು ಆದಾಯ ತೆರಿಗೆ ಇಲಾಖೆಯವರೇ ನಂಬಿದ್ದಾರೆ, ನೋಡಿ.

ಹಣದ ಒಂದು ಭಾಗವನ್ನು ಅಮೆರಿಕದಲ್ಲಿರುವ ಮಗ ಕಳಿಸುತ್ತಾನೆ ಎಂದಿದ್ದೀರಿ. ದಯವಿಟ್ಟು ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿ. ಭಾರತದ ಪ್ರಜೆಯಾಗಿಯೇ ಉಳಿದು ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅವನು ನಮ್ಮೂರ ಹುಡುಗ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಇದೇ ಗುಡಿಯಲ್ಲಿ ದೀಕ್ಷಾಸ್ನಾನ ಪಡೆದವನಾದರೂ, ಅವನ ಹಣ ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲೇ ಬಂದಿಳಿಯಬೇಕು. ಗಂಡಸರ ಕಡೆಯ ಹೆಂಚಿಗೆಂದು ಹೊರಟ ಡಾಲರು ಸಂಸತ್ತಿನ ಬೀದಿಗೆ ಪ್ರದಕ್ಷಿಣೆ ಹಾಕಿ ಶ್ರೀರಂಗಪಟ್ಟಣಕ್ಕೆ ಬರುವಷ್ಟರಲ್ಲಿ ಇನ್ನೆರಡು ಮಳೆಗಾಲ ಆಗಿರುತ್ತದೆ.

ಇನ್ನೊಂದು ತೊಡಕನ್ನು ತಮ್ಮ ಇಂಜಿನಿಯರು ಹೇಳಿದ್ದಾರೋ ಇಲ್ಲವೋ. ನಮ್ಮ ಊರಿನಲ್ಲಿ ಎಡವಿದರೆ ಸ್ಮಾರಕ. ದರಿಯಾ ದೌಲತ್, ಜಾಮಿಯಾ ಮಸೀದಿ, ಕರ್ನಲ್ ಬೇಲಿಯ ಸೆರೆಮನೆ, ಟಿಪ್ಪುವಿನ ದೇಹ ಸಿಕ್ಕ ಜಾಗ, ಎಲ್ಲವೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗೆ ಇನ್ನೂ 200 ಮೀಟರಿನ ತನಕ ಅನುಮತಿ ಬೇಕು. ಆದರೆ ಇರುವ ಕಟ್ಟಡದ ದುರಸ್ತಿಗೆ 100 ಮೀಟರ್ ಒಳಗೂ ಅನುಮತಿ ಕೇಳಬಹುದು. ಟೇಪು ಹಿಡಿಸಿ ಅಳೆಸೋಣ ಎಂದುಕೊಂಡಿದ್ದೇನೆ. ಗುಡಿಯ ಒಳ್ಳೆಯದಕ್ಕಾಗಿ ಜೀವನದಲ್ಲಿ ಮೊದಲ ಸಲ, ದೂರ ಕಡಿಮೆ ಬರಲಿ ಎಂದು ಹರಕೆ ಹೊತ್ತಿದ್ದೇನೆ.

ಸಮಿತಿಯ ಪರವಾಗಿ ನನ್ನ ಪ್ರತಿಪ್ರಸ್ತಾವ ಇಷ್ಟು. ಕಮಾನಿಗಿಟ್ಟ ಹಣವನ್ನು ಕಳಿಸಿ. ಚೆಕ್ಕಿನ ಜೊತೆ ಬರೆಯುವ ಪತ್ರದಲ್ಲಿ 'ಉದ್ದೇಶ' ಎಂಬ ಸಾಲನ್ನು ಖಾಲಿ ಬಿಡಿ, ಅಥವಾ 'ಧರ್ಮಕೇಂದ್ರದ ಅಗತ್ಯಕ್ಕೆ' ಎಂದು ಬರೆಯಿರಿ. ಎರಡೇ ಪದ ಬದಲಾದರೆ 1267ನೇ ಕಲಂ ನಮ್ಮ ಕೈ ಬಿಡುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿ ಇರಲೇಬೇಕು ಎಂದು ಅದೇ ಸಂಹಿತೆ ಹೇಳುತ್ತದೆ, ನಮ್ಮಲ್ಲಿದೆ. ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎಂದೂ ಹೇಳುತ್ತದೆ, ಗುಡಿಯ ಬಾಗಿಲಿಗೆ ಅಂಟಿಸುತ್ತೇವೆ. ತಾವು ಇನ್ನೂ ಮನಸ್ಸು ಮಾಡುವುದಾದರೆ, ಅದರಲ್ಲಿ ಒಂದು ಪಾಲನ್ನು ಠೇವಣಿ ಇಡುತ್ತೇವೆ. ಬಡ್ಡಿಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಹೆಂಚು ನೋಡಿಸಿ, ನೀರಿನ ದೋಣಿ ಬಳಿದು, ಅರಳಿ ಸಸಿ ಕೀಳಿಸಿ, ಒಂದು ಕೈ ಸುಣ್ಣ ಹೊಡೆಸುತ್ತೇವೆ. ಇದಕ್ಕೆ ಅಡಿಗಲ್ಲು ಸಮಾರಂಭವಿಲ್ಲ, ಉದ್ಘಾಟನೆಯಿಲ್ಲ, ಶಾಸಕರಿಲ್ಲ, ಮೈಸೂರು ಪೇಟವಿಲ್ಲ. ಧರ್ಮಾಧ್ಯಕ್ಷರು ಕಮಾನು ಆಶೀರ್ವದಿಸಲು ಬರುತ್ತಾರೆ, ನೀರಿನ ದೋಣಿ ಆಶೀರ್ವದಿಸಲು ಕರೆದರೂ ಬಂದಾರು, ಆದರೆ ಫೋಟೋ ಚೆನ್ನಾಗಿ ಬರುವುದಿಲ್ಲ.

ಮೇ ಕಳೆದರೆ ಮೇಸ್ತ್ರಿ ಮಾಡಿನ ಮೇಲೆ ಹತ್ತುವುದಿಲ್ಲ. ಅಷ್ಟರೊಳಗೆ ಉತ್ತರ ಬರಲಿ.

ಇಂತಿ ತಮ್ಮ ವಿಧೇಯ,
ಖಜಾಂಚಿ

ತಾ.ಕ.: ಹೆಸರಿಲ್ಲದೆ ಕೊಡಲು ಮನಸ್ಸು ಒಪ್ಪದೇ ಇದ್ದರೆ ಸಮಿತಿ ಒಂದು ದಾರಿ ಕಂಡುಹಿಡಿದಿದೆ. ತಾವು ಕೊಡಿಸುವ ಪ್ರತಿ ಹೆಂಚಿನ ಒಳಮೈ ಮೇಲೆ ತಮ್ಮ ಹೆಸರನ್ನು ಬರೆಸುತ್ತೇವೆ, ಇನಿಷಿಯಲ್ ಸಮೇತ. ಯಾವಾಗ ಬೇಕಾದರೂ ಬಂದು ನೋಡಬಹುದು. ಏಣಿ ನಮ್ಮಲ್ಲೇ ಇದೆ, ಬಾಡಿಗೆ ಕೇಳುವುದಿಲ್ಲ. ಅದರ ಮೇಲಿನ ಮೂರು ಮೆಟ್ಟಿಲು ಹೋಗಿವೆ, ರಿಪೇರಿಗೆ ದಾನಿಗಳು ಬೇಕಾಗಿದ್ದಾರೆ.